ನಿರಾಕ್ಷೇಪಣಾ ಪತ್ರ

ಎನ್‌ಒಸಿ ಎಂಬ ಶಬ್ದ ನಮ್ಮ ಮನೆಗೆ ಬಂದದ್ದು ಕ್ರಿಕೆಟ್ಟಿನಿಂದಲ್ಲ, ಅಪ್ಪನ ಎಂ.ಎ. ಪರೀಕ್ಷೆಯಿಂದ. ಹಾಸನದ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದ ಅಪ್ಪ, ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದಲ್ಲಿ ಎಂ.ಎ. ಕಟ್ಟಲು ಹೊರಟಾಗ, ‘ಸದರಿ ನೌಕರರು ವ್ಯಾಸಂಗ ಮಾಡುವುದಕ್ಕೆ ಆಕ್ಷೇಪಣೆ ಇರುವುದಿಲ್ಲ’ ಎಂದು ಮೇಲಿನವರು ಬರೆದುಕೊಡಬೇಕಿತ್ತು. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಫೀಸು ಕಟ್ಟುವ ಕೊನೆಯ ದಿನ ದಾಟಿತು. “ರಾತ್ರಿ ಊಟ ಆದ್ಮೇಲೆ ನೀವು ಓದ್ಕೊಂಡ್ರೆ ಅವರದೇನ್ರೀ ಆಕ್ಷೇಪಣೆ?” ಎಂದು ಅಮ್ಮ ಕೇಳಿದ್ದಳು. ಅಪ್ಪನ ಬಳಿ ಉತ್ತರ ಇರಲಿಲ್ಲ. ಮರುವರ್ಷ ಪತ್ರ ಬಂತು, ಓದಿ ಪಾಸಾದರು.

ಲಂಡನ್ನಿನಲ್ಲಿ ಹದಿನೈದು ವರ್ಷಕ್ಕೂ ಮೇಲೆ ಕಳೆದ ಮೇಲೆ ಆ ಮೂರಕ್ಷರ ನನಗೆ ಮತ್ತೆ ಮತ್ತೆ ಎದುರಾಗುತ್ತಿರುವುದು ಕ್ರಿಕೆಟ್ ಮೈದಾನದಲ್ಲಿ. 2025ರ ಜುಲೈ 31, ಓವಲ್ ಟೆಸ್ಟಿನ ಮೊದಲ ದಿನ. ಮೋಡ ಮುಸುಕಿದ ಗುರುವಾರ. ಭಾರತದ ಆರು ವಿಕೆಟ್ ಬಿದ್ದಿದ್ದವು, ಸ್ಕೋರು 204. ಒಂದು ತುದಿಯಲ್ಲಿ ನಮ್ಮ ಕರುಣ್ ನಾಯರ್ 52 ರನ್ ಹೊಡೆದು ನಿಂತಿದ್ದ. ಪಕ್ಕದಲ್ಲಿ ಕೂತಿದ್ದ ಸರ್ರೆಯ ಹಿರಿಯರೊಬ್ಬರು, “ಈ ಹುಡುಗನನ್ನು ನಾನು ಇಲ್ಲೇ ನೋಡಿದ್ದೇನೆ, ನಾರ್ಥಾಂಪ್ಟನ್‌ಶೈರ್‌ಗೆ ಆಡುತ್ತಾ ನಮ್ಮ ಮೇಲೆ 150 ಹೊಡೆದಿದ್ದ” ಎಂದರು. ನಿಜ. 2023ರ ಸೆಪ್ಟೆಂಬರಿನಲ್ಲಿ, ಇದೇ ಓವಲ್‌ನಲ್ಲಿ. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ 303 ಹೊಡೆದವನು ಆಮೇಲೆ ಭಾರತ ತಂಡದಿಂದ ಹೊರಬಿದ್ದ, ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡ. 2023ರಲ್ಲಿ ವಿದರ್ಭಕ್ಕೆ ಹೋದ, ಅದೇ ವರ್ಷ ಇಂಗ್ಲಿಷ್ ಕೌಂಟಿಗೆ ಬಂದ. ಒಂದು ರಾಜ್ಯದ ಆಟಗಾರ ಇನ್ನೊಂದು ರಾಜ್ಯಕ್ಕೆ ಆಡಬೇಕೆಂದರೆ ಮೊದಲ ಸಂಸ್ಥೆಯ ಎನ್‌ಒಸಿ ಬೇಕು. ದೇಶದ ಹೊರಗೆ ಆಡಬೇಕೆಂದರೆ ಭಾರತೀಯ ಕ್ರಿಕೆಟ್ ಮಂಡಳಿಯ ಎನ್‌ಒಸಿ ಬೇಕು. ಆ ಕಾಗದಗಳು ಸಿಕ್ಕಿದ್ದರಿಂದಲೇ ಅವನು ಅಷ್ಟು ರನ್ ಗುಡ್ಡೆ ಹಾಕಿ ಮತ್ತೆ ಟೆಸ್ಟ್ ತಂಡಕ್ಕೆ ಬಂದದ್ದು. ಕಾಗದ ಕೊಟ್ಟವರಿಗೆ ಆ ಮಟ್ಟಿಗೆ ಒಂದು ನಮಸ್ಕಾರ.

ಆ ಟೆಸ್ಟ್ ಆಗಸ್ಟ್ 4ರಂದು ಆರು ರನ್ನಿನ ಗೆಲುವಿನೊಂದಿಗೆ ಮುಗಿಯಿತು. ಎರಡೂ ಇನಿಂಗ್ಸಿನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದ ಪ್ರಸಿದ್ಧ್ ಕೃಷ್ಣನೂ ನಮ್ಮವನೇ ಎಂದು ವಾಟ್ಸಾಪ್ ಗುಂಪಿನಲ್ಲಿ ಹಬ್ಬವೋ ಹಬ್ಬ. ಮರುದಿನವೇ, ಆಗಸ್ಟ್ 5ರಂದು, ಥೇಮ್ಸ್ ನದಿಯ ಆಚೆ ಲಾರ್ಡ್ಸ್‌ನಲ್ಲಿ ‘ದಿ ಹಂಡ್ರೆಡ್’ ಶುರುವಾಯಿತು. ನೂರು ಚೆಂಡಿನ ಆಟ. ಮಹಿಳೆಯರ ತಂಡಗಳೂ ಉಂಟು, ಪುರುಷರ ತಂಡಗಳೂ ಉಂಟು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಅಫ್ಘಾನಿಸ್ತಾನ ಎಲ್ಲ ಕಡೆಯ ಆಟಗಾರರು ಅಲ್ಲಿ ಇರುತ್ತಾರೆ. ಹಿಂದಿನ ದಿನದ ವರೆಗೆ ಲಂಡನ್ನಿನಲ್ಲೇ ಇದ್ದ ಭಾರತದ ಗಂಡಸರಲ್ಲಿ ಒಬ್ಬನೂ ಅದರಲ್ಲಿ ಆಡುವಂತಿಲ್ಲ. ನಾಲ್ಕು ದಿನದ ಕೌಂಟಿ ಪಂದ್ಯಕ್ಕೆ ಎನ್‌ಒಸಿ ಸಿಗುತ್ತದೆ. ಮೂರು ಗಂಟೆಯೊಳಗೆ ಮುಗಿಯುವ ಲೀಗ್ ಪಂದ್ಯಕ್ಕೆ ಸಿಗುವುದಿಲ್ಲ. ಹೊರದೇಶದ ಟಿ20 ಲೀಗಿನಲ್ಲಿ ಆಡಬೇಕೆನ್ನುವ ಭಾರತೀಯ ಪುರುಷ ಆಟಗಾರ ಮೊದಲು ಐಪಿಎಲ್ ಸೇರಿ ಭಾರತದ ಎಲ್ಲ ಕ್ರಿಕೆಟ್ಟಿಗೂ ವಿದಾಯ ಹೇಳಬೇಕು. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2022ರ ಸೆಪ್ಟೆಂಬರಿನಲ್ಲಿ ನಿವೃತ್ತಿ ಘೋಷಿಸಿ, 2023ರ ಜನವರಿಯಲ್ಲಿ ದುಬೈ ಕ್ಯಾಪಿಟಲ್ಸ್ ಪರ ಆಡಲು ಇಳಿದ. ತವರುಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ನೆಂಟರ ಮನೆಗೆ ಹೋಗಬಹುದು ಎನ್ನುವ ಹಾಗೆ.

ಹಾಗಾದರೆ ಹೆಣ್ಣುಮಕ್ಕಳು? ಅವರಿಗೆ ಈ ಬೇಲಿ ಇಲ್ಲ. 2021ರ ಜುಲೈ 21ರಂದು ಓವಲ್‌ನಲ್ಲಿ ಹಂಡ್ರೆಡ್‌ನ ಮೊಟ್ಟಮೊದಲ ಪಂದ್ಯ ನಡೆದದ್ದೇ ಮಹಿಳೆಯರದ್ದು, ಅದರಲ್ಲಿ ಹರ್ಮನ್‌ಪ್ರೀತ್ ಕೌರ್ ಆಡಿದ್ದಳು. 2024ರ ಆಗಸ್ಟ್ 18ರಂದು ಲಾರ್ಡ್ಸ್‌ನಲ್ಲಿ ಫೈನಲ್. ದೀಪ್ತಿ ಶರ್ಮಾ ಸಿಕ್ಸರ್ ಎತ್ತಿ ಲಂಡನ್ ಸ್ಪಿರಿಟ್ ತಂಡವನ್ನು ಗೆಲ್ಲಿಸಿದಳು. ಚೆಂಡು ಬೌಂಡರಿ ದಾಟಿದಾಗ ನಮ್ಮ ಸುತ್ತಲಿನ ಅಜ್ಜಂದಿರು ಮೊಮ್ಮಕ್ಕಳ ಹಾಗೆ ಕುಣಿದರು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಹಿಂದೆಯೇ ಆಸ್ಟ್ರೇಲಿಯಾದ ಬಿಗ್ ಬ್ಯಾಷ್‌ನಲ್ಲಿ ಹೋಬಾರ್ಟ್ ತಂಡಕ್ಕೆ ಆಡಿ ಬಂದವಳು. ಶ್ರೇಯಾಂಕಾ ಪಾಟೀಲ್ 2023ರಲ್ಲಿ, ಭಾರತ ತಂಡಕ್ಕೆ ಇನ್ನೂ ಒಂದೂ ಪಂದ್ಯ ಆಡಿರದಾಗಲೇ, ಗಯಾನಾ ತಂಡದ ಪರ ಕೆರಿಬಿಯನ್ ಲೀಗಿನಲ್ಲಿ ಬೌಲ್ ಮಾಡಿ ಕಲಿತು ಬಂದಳು. ಅದೇ ವಯಸ್ಸಿನ, ಅದೇ ಬೆಂಗಳೂರಿನ, ರಣಜಿ ತಂಡದ ಬಾಗಿಲಲ್ಲಿ ಕಾದು ನಿಂತಿರುವ ಹುಡುಗನಿಗೆ ಆ ದಾರಿ ಇಲ್ಲ.

ಕೌಂಟಿಗೆ ಹೌದು, ಲೀಗಿಗೆ ಇಲ್ಲ. ಹೆಣ್ಣಿಗೆ ಹೌದು, ಗಂಡಿಗೆ ಇಲ್ಲ. ಇದನ್ನು ಆಟಗಾರನ ದಣಿವು, ಗಾಯ, ದೇಶಸೇವೆ ಎಂದೆಲ್ಲ ವಿವರಿಸುವವರಿದ್ದಾರೆ. ನಾಲ್ಕು ದಿನ ಬಿಸಿಲಲ್ಲಿ ನಿಲ್ಲುವ ಕೌಂಟಿ ಪಂದ್ಯದಲ್ಲಿ ಆಗದ ದಣಿವು ನೂರು ಚೆಂಡಿನಲ್ಲಿ ಆಗುತ್ತದೆಯೇ? ನನಗೆ ಕಂಡದ್ದು ಇಷ್ಟು: ಬೇಲಿ ಹಾಕಿರುವುದು ಆಟಗಾರನ ಸುತ್ತ ಅಲ್ಲ, ಅಂಗಡಿಯ ಸುತ್ತ. ಕೌಂಟಿ ಕ್ರಿಕೆಟ್ ಐಪಿಎಲ್‌ನ ಗಿರಾಕಿಯನ್ನು ಕಿತ್ತುಕೊಳ್ಳುವುದಿಲ್ಲ. ವಿರಾಟ್ ಕೊಹ್ಲಿ ಹಂಡ್ರೆಡ್‌ನಲ್ಲಿ ಆಡಿದರೆ ಭಾರತದ ಟಿವಿಗಳು ರಾತ್ರಿ ಹನ್ನೊಂದಕ್ಕೂ ಈ ಕಡೆ ತಿರುಗುತ್ತವೆ. ಪ್ರತಿಸ್ಪರ್ಧಿ ಎಲ್ಲಿದ್ದಾನೋ ಅಲ್ಲಿ ಮಾತ್ರ ಬೇಲಿ ಏಳುತ್ತದೆ.

ಇನ್ನೊಂದು ತಮಾಷೆ ಕೇಳಿ. 2025ರ ಆರಂಭದಲ್ಲಿ ಹಂಡ್ರೆಡ್‌ನ ತಂಡಗಳ ಪಾಲು ಮಾರಾಟಕ್ಕೆ ಬಂತು. ಮುಂಬೈ ಇಂಡಿಯನ್ಸ್‌ನ ಒಡೆಯರು ಓವಲ್ ಇನ್‌ವಿನ್ಸಿಬಲ್ಸ್‌ನ ಶೇ. 49 ಪಾಲು ಕೊಂಡರು. ಲಖನೌ ತಂಡದವರು ಮ್ಯಾಂಚೆಸ್ಟರಿನಲ್ಲಿ ಶೇ. 70, ಹೈದರಾಬಾದ್ ತಂಡದವರು ಲೀಡ್ಸ್‌ನಲ್ಲಿ ಪೂರ್ತಿ ತಂಡವನ್ನೇ. ಲಾರ್ಡ್ಸ್‌ನ ಲಂಡನ್ ಸ್ಪಿರಿಟ್‌ನ ಶೇ. 49 ಪಾಲನ್ನು ಅಮೆರಿಕದ ತಂತ್ರಜ್ಞಾನ ದಿಗ್ಗಜರ ಗುಂಪೊಂದು ಹಿಡಿಯಿತು, ಅದರಲ್ಲಿ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾಡೆಲ್ಲಾ ಕೂಡ ಒಬ್ಬರು. ಓವಲ್ ತಂಡದ ಹೆಸರು 2026ರಿಂದ ಎಂಐ ಲಂಡನ್. ತಂಡದ ಹೆಸರು ಮುಂಬೈಯದ್ದು, ದುಡ್ಡು ಮುಂಬೈಯದ್ದು. ಮುಂಬೈ ಇಂಡಿಯನ್ಸ್‌ನ ರೋಹಿತ್ ಶರ್ಮಾ ಮಾತ್ರ ಬರುವಂತಿಲ್ಲ. ದುಡ್ಡಿಗೆ ಎನ್‌ಒಸಿ ಕೇಳಿದವರು ಯಾರೂ ಇಲ್ಲ.

ಈ ಜಗಳದ ಬೇರು ಹುಡುಕುತ್ತ ಹೋದರೆ ದಾರಿ ಲಂಡನ್ನಿನಲ್ಲೇ, ಸ್ಟ್ರ್ಯಾಂಡ್ ರಸ್ತೆಯ ಹೈಕೋರ್ಟಿನ ಮುಂದೆ ಬಂದು ನಿಲ್ಲುತ್ತದೆ. ಆ ಕಥೆ ನನಗೆ ಮೊದಲು ಸಿಕ್ಕದ್ದು ಅರ್ಧ ಮಾತ್ರ, ಅಪ್ಪನ ಬಾಯಿಂದ. 1977ರ ಡಿಸೆಂಬರ್ ಕೊನೆ, ನಾನು ತೊಟ್ಟಿಲಲ್ಲಿದ್ದೆ. ಭಾರತ ತಂಡ ಆಸ್ಟ್ರೇಲಿಯಾದಲ್ಲಿತ್ತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ನಮ್ಮ ನಾಲ್ವರೂ ಆ ಪ್ರವಾಸದಲ್ಲಿದ್ದರು. ಮೆಲ್ಬರ್ನಿನಲ್ಲಿ ಚಂದ್ರ ಎರಡೂ ಇನಿಂಗ್ಸಿನಲ್ಲಿ 52 ರನ್ನಿಗೆ ಆರಾರು ವಿಕೆಟ್ ತೆಗೆದರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. “ಬೆಳಗಿನ ಜಾವ ರೇಡಿಯೊ ಕಿವಿಗೆ ಹಿಡ್ಕೊಂಡು ಒಂದು ಕೈಲಿ ನಿನ್ನ ತೊಟ್ಟಿಲು ತೂಗ್ತಿದ್ದೆ ಕಣೋ” ಎಂದು ಅಪ್ಪ ನೂರು ಸಲ ಹೇಳಿದ್ದಾರೆ. ಹೇಳಿ, ಕೊನೆಗೆ ದನಿ ತಗ್ಗಿಸಿ, “ಅವರ ಒಳ್ಳೇ ಹುಡುಗರನ್ನೆಲ್ಲ ಪ್ಯಾಕರ್ ಎತ್ಕೊಂಡು ಹೋಗಿದ್ದ, ಅದೂ ಒಂದು” ಎಂದು ಸೇರಿಸುತ್ತಿದ್ದರು. ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದ, 41 ವಯಸ್ಸಿನ ಬಾಬ್ ಸಿಂಪ್ಸನ್‌ನನ್ನು ಕರೆತಂದು ಆಸ್ಟ್ರೇಲಿಯಾ ನಾಯಕನನ್ನಾಗಿ ಮಾಡಿಕೊಂಡಿತ್ತು. ಆದರೂ ಸರಣಿಯನ್ನು ಅವರೇ 3-2ರಿಂದ ಗೆದ್ದರೆನ್ನಿ.

ಕೆರಿ ಪ್ಯಾಕರ್ ಆಸ್ಟ್ರೇಲಿಯಾದ ಚಾನೆಲ್ ನೈನ್ ಟಿವಿಯ ಒಡೆಯ. ಟೆಸ್ಟ್ ಪಂದ್ಯಗಳ ಪ್ರಸಾರ ಹಕ್ಕು ಕೇಳಿದ, ಮಂಡಳಿ ಕೊಡಲಿಲ್ಲ. ಸರಿ, ನನ್ನದೇ ಕ್ರಿಕೆಟ್ ಮಾಡುತ್ತೇನೆ ಎಂದು ಗುಟ್ಟಾಗಿ ಜಗತ್ತಿನ ಒಳ್ಳೊಳ್ಳೆಯ ಆಟಗಾರರಿಂದ ಸಹಿ ಹಾಕಿಸಿಕೊಂಡ. 1977ರ ಮೇ ತಿಂಗಳಲ್ಲಿ ಸುದ್ದಿ ಹೊರಬಿತ್ತು. ಇಂಗ್ಲೆಂಡಿನ ನಾಯಕ ಟೋನಿ ಗ್ರೇಗ್ ಆ ಗುಂಪಿನಲ್ಲಿದ್ದದ್ದರಿಂದ ನಾಯಕತ್ವ ಹೋಯಿತು. ಜುಲೈ 26ರಂದು ಲಾರ್ಡ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಪ್ಯಾಕರ್ ಪಂದ್ಯ ಆಡಿದವರಿಗೆ ಟೆಸ್ಟ್ ಇಲ್ಲ ಎಂದಿತು. ಇಂಗ್ಲೆಂಡಿನ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೌಂಟಿಯೂ ಇಲ್ಲ ಎಂದು ತೀರ್ಮಾನಿಸಿತು. ಗ್ರೇಗ್, ಜಾನ್ ಸ್ನೋ, ಮೈಕ್ ಪ್ರಾಕ್ಟರ್ ಮೂವರು ಹೈಕೋರ್ಟಿಗೆ ಹೋದರು. ಪ್ಯಾಕರ್ ಕಂಪನಿ ಅವರ ಬೆನ್ನಿಗಿತ್ತು. ನ್ಯಾಯಮೂರ್ತಿ ಸ್ಲೇಡ್ ನವೆಂಬರ್ 25ರಂದು ತೀರ್ಪು ಓದಿದರು, ಓದಿ ಮುಗಿಸಲು ಐದೂವರೆ ಗಂಟೆ ಹಿಡಿಯಿತು. ಸಂಸ್ಥೆಗಳಿಗೆ ತಮ್ಮ ಆಟವನ್ನು ಕಾಪಾಡಿಕೊಳ್ಳುವ ಹಕ್ಕಿದೆ, ಆದರೆ ಅದಕ್ಕಾಗಿ ಒಬ್ಬನ ಅನ್ನದ ದಾರಿಯನ್ನೇ ಮುಚ್ಚುವ ಈ ನಿಷೇಧ ಅತಿಯಾಯಿತು, ಕಾನೂನಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ಅದರ ಸಾರ. ಮೂವರೂ ಗೆದ್ದರು. 1979ರಲ್ಲಿ ಆಸ್ಟ್ರೇಲಿಯಾ ಮಂಡಳಿ ಪ್ಯಾಕರ್‌ಗೆ ಪ್ರಸಾರ ಹಕ್ಕು ಕೊಟ್ಟು ರಾಜಿಯಾಯಿತು. ಮೊದಲೇ ಕೊಟ್ಟಿದ್ದರೆ ಚಂದ್ರನ ಹನ್ನೆರಡು ವಿಕೆಟ್ಟಿಗೆ ಅಪ್ಪ ದನಿ ತಗ್ಗಿಸಬೇಕಿರಲಿಲ್ಲ.

ಕಥೆಯ ಈ ಉಳಿದರ್ಧವನ್ನು ನನಗೆ ಹೇಳಿದ್ದು ಹೋಬರ್ನ್ ಕಚೇರಿಯ ಸಹೋದ್ಯೋಗಿ, ಕೆಂಟ್ ಕೌಂಟಿಯ ಕಟ್ಟಾ ಅಭಿಮಾನಿ. ನಾಟ್, ಅಂಡರ್‌ವುಡ್, ವುಲ್ಮರ್, ಆಸಿಫ್ ಇಕ್ಬಾಲ್, ಅವನ ಕೆಂಟಿನಿಂದಲೇ ನಾಲ್ವರು ಪ್ಯಾಕರ್ ಕಡೆ ಹೋಗಿದ್ದರು. 2000ದಲ್ಲಿ ಕೆಂಟಿಗೆ ಆಡಿದ ರಾಹುಲ್ ದ್ರಾವಿಡ್ ಊರಿನವನು ಎನ್ನುವುದೇ ನನಗೆ ಅವನ ಬಳಿ ಇದ್ದ ಗುರುತುಪತ್ರ. ಮಧ್ಯಾಹ್ನದ ಸ್ಯಾಂಡ್‌ವಿಚ್ ಹಿಡಿದು ಇಬ್ಬರೂ ಸ್ಟ್ರ್ಯಾಂಡ್ ವರೆಗೆ ನಡೆಯುತ್ತಿದ್ದೆವು. ಅಕ್ಟೋಬರ್ 2008ರ ಒಂದು ಮಧ್ಯಾಹ್ನ ಹೈಕೋರ್ಟಿನ ಕಲ್ಲಿನ ಕಮಾನಿನ ಮುಂದೆ ನಿಂತು ಅವನು ಇದನ್ನು ವಿವರವಾಗಿ ಹೇಳಿದ. ಅವತ್ತು ಹೇಳಲು ಕಾರಣ ಇತ್ತು.

ನಾನು 2007ರಲ್ಲಿ ಬೆಂಗಳೂರಿನ ಒಂದು ಕಂಪನಿಯ ನೌಕರನಾಗಿ, ವರ್ಕ್ ಪರ್ಮಿಟ್ ಮೇಲೆ ಇಲ್ಲಿಗೆ ಬಂದವನು. ಹೌನ್ಸ್‌ಲೋದ ಮೂರು ಬೆಡ್‌ರೂಮಿನ ಮನೆಯಲ್ಲಿ ಆರು ಜನ. ಭಾನುವಾರ ಬಿಸಿಬೇಳೆಬಾತ್, ಉಳಿದ ದಿನ ಯಾರಿಗೆ ಏನು ಬರುತ್ತದೋ ಅದು. ವರ್ಕ್ ಪರ್ಮಿಟ್ಟಿನ ಮೇಲೆ ನನ್ನ ಹೆಸರಿನ ಜೊತೆ ಕಂಪನಿಯ ಹೆಸರೂ ಇತ್ತು. ಬೇರೆ ಕಡೆ ಸೇರಬೇಕೆಂದರೆ ಆ ಬೇರೆಯವರು ಹೊಸದಾಗಿ ಅರ್ಜಿ ಹಾಕಬೇಕು. ಅದರ ಮೇಲೆ, ವಿಮಾನ ಹತ್ತುವ ಮುಂಚೆ ಸಹಿ ಹಾಕಿದ ಬಾಂಡು: ಎರಡು ವರ್ಷದೊಳಗೆ ಬಿಟ್ಟರೆ ಮೂರು ಲಕ್ಷ ರೂಪಾಯಿ. ಅದೂ ಸಾಲದೆಂದು, ನಾನು ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಸಂಸ್ಥೆಗೂ ನಮ್ಮ ಕಂಪನಿಗೂ ನಡುವೆ ಒಂದು ಕರಾರು: ಒಬ್ಬರ ನೌಕರರನ್ನು ಇನ್ನೊಬ್ಬರು ಒಂದು ವರ್ಷದ ತನಕ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಅದಕ್ಕೆ ಸಹಿ ಹಾಕಿದವನು ನಾನಲ್ಲ.

ಆ ಅಕ್ಟೋಬರಿನಲ್ಲಿ ಇಂಗ್ಲಿಷ್ ಸಂಸ್ಥೆಯ ಮ್ಯಾನೇಜರ್ ನನ್ನನ್ನು ಕರೆದು, ನೇರವಾಗಿ ನಮ್ಮಲ್ಲೇ ಸೇರಿಕೋ, ಅರ್ಜಿ ನಾವೇ ಹಾಕುತ್ತೇವೆ ಎಂದಳು. ಸಂಬಳ ಸುಮಾರು ಎರಡು ಪಟ್ಟು. ಹೆಂಡತಿ ಆಗ ಬಸುರಿ, ಮುಂದಿನ ಬೇಸಿಗೆಗೆ ಹೆರಿಗೆ. ಬಾಡಿಗೆಗೆ ಬೇರೆ ಮನೆ ನೋಡಲು ಶುರುಮಾಡಿದ್ದೆವು. ನಾನು ಬೆಂಗಳೂರಿಗೆ ಬರೆದು, ಬಾಂಡಿನ ಹಣ ಪೂರ್ತಿ ಕಟ್ಟುತ್ತೇನೆ, ಬಿಡುಗಡೆ ಮಾಡಿ ಎಂದು ಕೇಳಿದೆ. ಒಂದು ವಾರ ಉತ್ತರವಿಲ್ಲ. ಆಮೇಲೆ ಫೋನು ಬಂತು, ಬಹಳ ಮೃದುವಾದ ದನಿ. “ನಮ್ಮದು ಒಂದು ಕುಟುಂಬ ಇದ್ದ ಹಾಗೆ ಅಲ್ವಾ? ನಿಮ್ಮನ್ನ ಇಲ್ಲಿ ತನಕ ಬೆಳೆಸಿದ್ದೀವಿ. ರಿಲೀವಿಂಗ್ ಲೆಟರ್ ಬಗ್ಗೆ ಯೋಚನೆ ಮಾಡಿ.” ನಮ್ಮ ಕ್ಷೇತ್ರದವರಿಗೆ ಗೊತ್ತು, ರಿಲೀವಿಂಗ್ ಲೆಟರ್ ಇಲ್ಲದವನನ್ನು ಮುಂದಿನ ಕಂಪನಿ ಅನುಮಾನದಿಂದ ನೋಡುತ್ತದೆ. ಅದು ನಮ್ಮ ಎನ್‌ಒಸಿ. ಇಂಗ್ಲಿಷ್ ಸಂಸ್ಥೆಗೂ ಕರಾರಿನ ನೆನಪು ಮಾಡಿಕೊಡಲಾಯಿತು. ಮ್ಯಾನೇಜರ್ ಕ್ಷಮೆ ಕೇಳಿದಳು. ಜನವರಿ 2009ರಲ್ಲಿ ಪ್ರಾಜೆಕ್ಟ್ ಮುಗಿಯಿತು ಎಂದು ನನ್ನನ್ನು ವಾಪಸು ಕರೆಸಿಕೊಂಡರು. ಆ ಪ್ರಾಜೆಕ್ಟ್ ನಾನು ಬಂದ ಮೇಲೂ ಎರಡು ವರ್ಷ ನಡೆಯಿತು.

ಕೆಂಟಿನ ಗೆಳೆಯ, “ನೀನು ಕೋರ್ಟಿಗೆ ಹೋದರೆ ಗೆಲ್ಲುತ್ತೀಯ” ಎಂದಿದ್ದ. ಇರಬಹುದು. ಟೋನಿ ಗ್ರೇಗ್ ಹಿಂದೆ ಪ್ಯಾಕರ್ ಇದ್ದ, ನನ್ನ ಹಿಂದೆ ಹೌನ್ಸ್‌ಲೋದ ಬಾಡಿಗೆ ಬಾಕಿ ಇತ್ತು. ಗೆಲ್ಲುವ ಹಕ್ಕು ಬೇರೆ, ಗೆಲ್ಲುವ ತನಕ ಊಟ ಮಾಡುವ ದಾರಿ ಬೇರೆ.

ಬೆಂಗಳೂರಿಗೆ ಮರಳಿದ ಆ ವರ್ಷ ಪತ್ರಿಕೆಗಳಲ್ಲಿ ಇಂಡಿಯನ್ ಕ್ರಿಕೆಟ್ ಲೀಗಿನ ಅಂತ್ಯಕಥೆ ಬರುತ್ತಿತ್ತು. ಈಗ ಯಾರಿಗೂ ನೆನಪಿಲ್ಲದ ಐಸಿಎಲ್. ಪ್ಯಾಕರನ ಕಥೆಯ ಪಡಿಯಚ್ಚು: ಜೀ ಟಿವಿಯ ಸುಭಾಷ್ ಚಂದ್ರ ಪ್ರಸಾರ ಹಕ್ಕಿಗೆ ಹೋಗಿ ಬರಿಗೈಯಲ್ಲಿ ಬಂದು, 2007ರಲ್ಲಿ ತಮ್ಮದೇ ಲೀಗ್ ಕಟ್ಟಿದರು. ಅದರ ಜೊತೆ ಸೇರಿದ್ದಕ್ಕೆ ಕಪಿಲ್ ದೇವ್ ಅವರನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷ ಸ್ಥಾನದಿಂದ ತೆಗೆದರು. ವಿಶ್ವಕಪ್ ತಂದುಕೊಟ್ಟವರಿಗೇ ಈ ಗತಿ ಎಂದಮೇಲೆ ಹುಡುಗರ ಪಾಡೇನು? ಸಹಿ ಹಾಕಿದವರಿಗೆ ರಣಜಿಯೂ ಇಲ್ಲ, ಭಾರತ ತಂಡವೂ ಇಲ್ಲ, ಮಂಡಳಿಯ ಮೈದಾನವೂ ಇಲ್ಲ. ಅದೇ ಸೆಪ್ಟೆಂಬರಿನಲ್ಲಿ ಮಂಡಳಿ ತನ್ನದೇ ಲೀಗ್ ಘೋಷಿಸಿತು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಹುಟ್ಟಿತು. 2009ರಲ್ಲಿ ಐಸಿಎಲ್ ಬಿಟ್ಟುಬಂದವರಿಗೆ ಕ್ಷಮಾದಾನ ಎಂದರು. ಕ್ಷಮಾದಾನ! ಆ ಶಬ್ದವನ್ನು ಓದಿ ನಾನು ಪೇಪರ್ ಮಡಚಿಟ್ಟೆ. ಕ್ರಿಕೆಟ್ ಆಡಿದ್ದು ಅವರ ಅಪರಾಧ. ಹಾಗೆ ಮರಳಿದ ಅಂಬಟಿ ರಾಯುಡು ಭಾರತದ ಪರ ಮೊದಲ ಪಂದ್ಯ ಆಡಿದ್ದು 2013ರಲ್ಲಿ. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿ ಸಹಿ ಹಾಕಿದ ಹುಡುಗನಿಗೆ ಆಗ ಇಪ್ಪತ್ತೇಳು.

ಐಪಿಎಲ್‌ನ ಪ್ರಸಾರ ಕರಾರಿನಲ್ಲಿ ಇನ್ನೂ ಒಂದು ಸಾಲು ಇತ್ತು. ಹತ್ತು ವರ್ಷ ತಾನೂ ಇನ್ನೊಂದು ಪೈಪೋಟಿಯ ಲೀಗ್ ನಡೆಸುವುದಿಲ್ಲ, ಬೇರೆಯವರದಕ್ಕೂ ಮಾನ್ಯತೆ ಕೊಡುವುದಿಲ್ಲ ಎಂದು ಮಂಡಳಿ ಒಪ್ಪಿಕೊಂಡಿತ್ತು. ಭಾರತದ ಸ್ಪರ್ಧಾ ಆಯೋಗ ಇದನ್ನು ಹಿಡಿದು 2013ರಲ್ಲಿ 52.24 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ಆದೇಶ ಬಿತ್ತು, 2017ರಲ್ಲಿ ಆಯೋಗ ಅಷ್ಟೇ ದಂಡವನ್ನು ಮತ್ತೆ ಹಾಕಿತು.

ಮಂಡಳಿಯ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತನ್ನು ಹೇಳಿದವರೂ ನಮ್ಮವರೇ. 2022ರ ನವೆಂಬರಿನಲ್ಲಿ ಅಡಿಲೇಡ್‌ನಲ್ಲಿ ಭಾರತ ಟಿ20 ವಿಶ್ವಕಪ್ ಸೆಮಿಫೈನಲ್ ಸೋತಾಗ, ಇಂಗ್ಲೆಂಡಿನ ಹುಡುಗರಿಗೆ ಬಿಗ್ ಬ್ಯಾಷ್ ಅನುಭವ ಇತ್ತು, ನಮ್ಮವರನ್ನೂ ಯಾಕೆ ಬಿಡುವುದಿಲ್ಲ ಎಂದು ಪತ್ರಕರ್ತರು ಕೇಳಿದರು. ಕೋಚ್ ಆಗಿದ್ದ ದ್ರಾವಿಡ್, ಆ ಲೀಗುಗಳು ನಡೆಯುವ ಹೊತ್ತಿನಲ್ಲೇ ನಮ್ಮ ರಣಜಿ ನಡೆಯುತ್ತದೆ. ಎಲ್ಲರನ್ನೂ ಬಿಟ್ಟರೆ ದೇಶೀ ಕ್ರಿಕೆಟ್ಟೇ ಮುಗಿದಂತೆ, ವೆಸ್ಟ್ ಇಂಡೀಸ್‌ಗೆ ಏನಾಯಿತು ನೋಡಿ ಎಂಬ ಅರ್ಥದಲ್ಲಿ ಉತ್ತರಿಸಿದರು. ದ್ರಾವಿಡ್ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ರಣಜಿ ಇಲ್ಲದಿದ್ದರೆ ಚಂದ್ರ, ವಿಶ್ವನಾಥ್, ಕುಂಬ್ಳೆ ಯಾರೂ ಇಲ್ಲ. ಇಂಗ್ಲೆಂಡಿನವರೂ ಈಗ ಇದನ್ನೇ ಹೇಳುತ್ತಿದ್ದಾರೆ: 2024ರ ನವೆಂಬರಿನಲ್ಲಿ ಇಲ್ಲಿನ ಮಂಡಳಿ, ತನ್ನ ಬೇಸಿಗೆಯ ಪಂದ್ಯಗಳ ಹೊತ್ತಿನಲ್ಲಿ ಹೊರಗಿನ ಲೀಗುಗಳಿಗೆ ಹೋಗದಂತೆ ಎನ್‌ಒಸಿ ನಿಯಮ ಬಿಗಿಮಾಡಿತು, ಐಪಿಎಲ್‌ಗೆ ಮಾತ್ರ ವಿನಾಯಿತಿ. ದೊಡ್ಡವನ ಮನೆಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಹ್ಯಾಂಪ್‌ಶೈರಿನ ನಾಯಕ ಜೇಮ್ಸ್ ವಿನ್ಸ್ ಪಾಕಿಸ್ತಾನದ ಲೀಗಿಗಾಗಿ ನಾಲ್ಕು ದಿನದ ಕ್ರಿಕೆಟ್ಟನ್ನೇ ಬಿಟ್ಟ.

ಆದರೆ ದ್ರಾವಿಡ್ ವಾದ ಇರುವುದು ರಣಜಿ ನಡೆಯುವ ಚಳಿಗಾಲಕ್ಕೆ. ಆಗಸ್ಟಿನಲ್ಲಿ ಯಾವ ರಣಜಿ? ಐಪಿಎಲ್ ಕರಾರೂ ಇಲ್ಲದ, ಭಾರತ ತಂಡದ ಆಸೆಯೂ ಮುಗಿದ ಮೂವತ್ತೆರಡರ ಬೌಲರನೊಬ್ಬ ಇಲ್ಲಿಗೆ ಬಂದು ಒಂದು ತಿಂಗಳು ಆಡಿ ಹೋದರೆ ಯಾವ ಆಟ ಸಾಯುತ್ತದೆ? ಇಂತಿಂಥ ತಿಂಗಳು ನಮ್ಮದು, ಉಳಿದದ್ದು ನಿನ್ನದು ಎಂದು ಗೆರೆ ಎಳೆದರೆ ನಾನೇ ಮೊದಲು ಒಪ್ಪುತ್ತೇನೆ. ಇಡೀ ವರ್ಷವೂ ನಮ್ಮದು, ಕೆಲಸ ಕೊಟ್ಟರೂ ಕೊಡದಿದ್ದರೂ ನಮ್ಮದು ಎನ್ನುವುದು ಬೇರೆಯೇ ಮಾತು. ಸ್ಲೇಡ್ ಅವರ ತೀರ್ಪಿನ ತಿರುಳೂ ನನಗೆ ಅರ್ಥವಾದ ಮಟ್ಟಿಗೆ ಇದೇ: ಕಾಪಾಡಿಕೊಳ್ಳಿ, ಬೇಕಾದಷ್ಟೇ.

ಇದನ್ನೆಲ್ಲ ಊಟದ ಮೇಜಿನ ಮೇಲೆ ಹರವುತ್ತಿದ್ದಾಗ ಹದಿನಾರರ ಮಗ ತಲೆ ಎತ್ತಿ, “ಅಪ್ಪ, ಇದು ಕೌಂಟರ್-ಸ್ಟ್ರೈಕ್ ಕಥೆ” ಎಂದ. ಅವನಿಗೆ ಕ್ರಿಕೆಟ್ ಎಂದರೆ ನಾನು ನೋಡುವ ಯಾವುದೋ ಧಾರಾವಾಹಿ. ಅವನ ಕ್ರೀಡೆ ಇ-ಸ್ಪೋರ್ಟ್ಸ್, ಕಂಪ್ಯೂಟರಿನ ಮುಂದೆ ಐದು ಜನ, ಎದುರಿಗೆ ಐದು ಜನ. ಅವನು ಹೇಳಿದ್ದು: 2016ರ ಕೊನೆಯಲ್ಲಿ ಅಮೆರಿಕದ ಕೆಲವು ತಂಡಗಳ ಒಡೆಯರು ಪಿಇಎ ಎಂಬ ತಮ್ಮದೇ ಲೀಗ್ ಕಟ್ಟಲು ಹೊರಟರು. ಅದಕ್ಕಾಗಿ ಆಟಗಾರರನ್ನು ಆಗಲೇ ನಡೆಯುತ್ತಿದ್ದ ಇಎಸ್‌ಎಲ್ ಪ್ರೊ ಲೀಗಿನಿಂದ ಹೊರಗೆ ತರಲು ನೋಡಿದರು. ಆಟಗಾರರು ಸ್ಕಾಟ್ ಸ್ಮಿತ್ ಎಂಬವರನ್ನು ಮುಂದಿಟ್ಟುಕೊಂಡು ಬಹಿರಂಗ ಪತ್ರ ಬರೆದರು. ಎಲ್ಲಿ ಆಡಬೇಕೆಂದು ನಿರ್ಧರಿಸುವುದು ನಾವು ಎನ್ನುವುದು ಅವರ ವಾದ, ಸಹಿ ಹಾಕಿದವರು 25 ಜನ. ಆ ಪತ್ರದ ವಿಷಯಕ್ಕೆ ಒಬ್ಬ ಆಟಗಾರನನ್ನು ಅವನ ತಂಡವೇ ಕೈಬಿಟ್ಟಿತು. ಆದರೂ ಉಳಿದವರು ಜಗ್ಗಲಿಲ್ಲ, 2017ರ ಜನವರಿಯಲ್ಲಿ ಪಿಇಎ ಆ ಲೀಗಿನ ಯೋಜನೆಯನ್ನೇ ಕೈಬಿಟ್ಟಿತು.

“ಕೋರ್ಟಿಗೆ ಹೋದರಾ?” ಎಂದೆ. “ಇಲ್ಲ, ಎಲ್ಲರೂ ಒಟ್ಟಿಗೆ ಬೇಡ ಅಂದರು” ಎಂದು ಹೇಳಿ ಮತ್ತೆ ಮೊಸರನ್ನಕ್ಕೆ ಬಗ್ಗಿದ. ಕೆರಿ ಪ್ಯಾಕರ್ ಇಲ್ಲದೆಯೂ, ಐದೂವರೆ ಗಂಟೆಯ ತೀರ್ಪಿಲ್ಲದೆಯೂ ಇಪ್ಪತ್ತೈದು ಹುಡುಗರು ಅದನ್ನು ಮಾಡಿಕೊಂಡಿದ್ದರು. ಹೌನ್ಸ್‌ಲೋದ ಆ ಮನೆಯಲ್ಲಿ ನಾವೂ ಆರು ಜನ ಇದ್ದೆವು. ಆರೂ ಜನರ ಹತ್ತಿರ ಅದೇ ಬಾಂಡು ಇತ್ತು. ಅದನ್ನು ಒಬ್ಬರಿಗೊಬ್ಬರು ತೋರಿಸಿಕೊಂಡವರಲ್ಲ.

ನನ್ನ ಕಥೆ ಅಲ್ಲಿಗೆ ನಿಲ್ಲಲಿಲ್ಲ ಎನ್ನುವುದೂ ನಿಜ. ಮಗ ಹಾಸನದಲ್ಲಿ ಹುಟ್ಟಿದ. ಬಾಂಡಿನ ಅವಧಿ ಮುಗಿಸಿ, ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ, 2010ರಲ್ಲಿ ಟಿಯರ್ 1 ಜನರಲ್ ವೀಸಾಕ್ಕೆ ಅರ್ಜಿ ಹಾಕಿದೆ. ಓದು, ವಯಸ್ಸು, ಸಂಬಳಕ್ಕೆ ಅಂಕ ಕೊಡುತ್ತಿದ್ದ ವೀಸಾ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಹೀಥ್ರೂನಲ್ಲಿ ಅಧಿಕಾರಿ, “ಎಲ್ಲಿ ಕೆಲಸ ಮಾಡುತ್ತೀಯ?” ಎಂದು ಕೇಳಿದ್ದಕ್ಕೆ, “ಇನ್ನೂ ನೋಡಬೇಕು” ಎಂದೆ. ಅಷ್ಟು ಹೇಳಲು ಸಾಧ್ಯವಾದದ್ದೇ ಒಂದು ಸುಖ. ಆ ವರ್ಷದ ಡಿಸೆಂಬರಿನಲ್ಲಿ ಹೊರದೇಶದಿಂದ ಅರ್ಜಿ ಹಾಕುವವರಿಗೆ ಆ ಬಾಗಿಲು ಮುಚ್ಚಿತು. ನನ್ನ ಹಿಂದೆಯೇ ಬರಬೇಕೆಂದಿದ್ದ ದಾವಣಗೆರೆಯ ಗೆಳೆಯ ಇವತ್ತಿಗೂ ಬೆಂಗಳೂರಿನಲ್ಲೇ ಇದ್ದಾನೆ. ಚೆನ್ನಾಗಿಯೇ ಇದ್ದಾನೆ, ಅದು ಬೇರೆ.

ಕಳೆದ ತಿಂಗಳು ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದ. ಮೊದಲ ಕೆಲಸ, ಬೆಂಗಳೂರು. “ಮಾಮ, ಮೂರು ವರ್ಷದ ಬಾಂಡ್ ಇದೆ, ಎರಡು ಲಕ್ಷ. ಇದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ, ಸೈನ್ ಮಾಡ್ಲಾ?” ಗೆಳೆಯರ ಮಾತು ಹಳೆಯದು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದೇ ಮೊಕದ್ದಮೆ. ಮೂರು ವರ್ಷ ತುಂಬುವ ಮೊದಲು, 2009ರಲ್ಲಿ, ಇನ್ನೊಂದು ಬ್ಯಾಂಕಿಗೆ ಹೋದ ಅಧಿಕಾರಿಯೊಬ್ಬರು ಎರಡು ಲಕ್ಷ ಕಟ್ಟಬೇಕಾಗಿ ಬಂತು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತ್ತು, ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಹೋಗಬೇಡ ಎಂದರೆ ಅದು ವೃತ್ತಿಗೆ ತಡೆ, ಕೆಲಸದಲ್ಲಿರುವಷ್ಟು ಕಾಲಕ್ಕೆ ಹಾಕಿದ ಷರತ್ತು ತಡೆಯಲ್ಲ ಎಂದಿತು. ಒಪ್ಪಲು ಮನಸ್ಸಿಲ್ಲದಿದ್ದರೂ ಅದರ ತರ್ಕ ನನಗೆ ಅರ್ಥವಾಗುತ್ತದೆ: ಬೆಲೆ ಬರೆದಿದೆ, ಕಟ್ಟಿದರೆ ಬಾಗಿಲು ತೆರೆಯಬೇಕು. ನನ್ನ ಕಾಲದಲ್ಲಿ ಬೆಲೆ ಕಟ್ಟುತ್ತೇನೆಂದರೂ ತೆರೆಯಲಿಲ್ಲ.

ಪಿಡಿಎಫ್ ಪೂರ್ತಿ ಓದಿದೆ. ಹನ್ನೊಂದು ಪುಟ. ಬಾಂಡಿನ ಮೊತ್ತ ಇತ್ತು, ದಿನಾಂಕ ಇತ್ತು. ಹಣ ಕಟ್ಟಿದವನಿಗೆ ಎಷ್ಟು ದಿನದಲ್ಲಿ ರಿಲೀವಿಂಗ್ ಲೆಟರ್ ಕೊಡುತ್ತಾರೆ ಎನ್ನುವ ಸಾಲು ಎಲ್ಲಿಯೂ ಇರಲಿಲ್ಲ. ಅದನ್ನು ಬರವಣಿಗೆಯಲ್ಲಿ ಹಾಕಿಸಿಕೋ, ಜೊತೆಗೆ ಸೇರುತ್ತಿರುವ ಹುಡುಗರಿಗೂ ಕೇಳಲು ಹೇಳು ಎಂದು ಬರೆದೆ. ಎರಡು ನೀಲಿ ಗೆರೆ ಬಿದ್ದಿವೆ. ಅವನು ಸೇರುವ ದಿನ ಬರುವ ಸೋಮವಾರ.